ಎರಡನೆಯ ಮೆಸೇಜು

ಬಾಗಲಕೋಟೆಯ ಬಿಸಿಲಿನಲ್ಲಿ ಹುಟ್ಟಿ ಒಮಾನಿನ ಸೊಹಾರಿನ ಬಿಸಿಲಿನಲ್ಲಿ ನೌಕರಿ ಮಾಡುವ ಮನುಷ್ಯನಿಗೆ ಹಿಮದ ಹುಚ್ಚು ಹಿಡಿದರೆ ಯಾರನ್ನು ಬೈಯಬೇಕು? ಪ್ರತಿಮಾ ಪೀಟರನನ್ನು ಬೈಯುತ್ತಿದ್ದಳು. ಪೀಟರ್ ಸ್ವಿಟ್ಜರ್ಲೆಂಡಿನವನು, ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಕುಲುಮೆಗಳ ಸಲಹೆಗಾರ. ಅವಳ ಗಂಡ ಬಸವಪ್ರಭು ಅದೇ ಕುಲುಮೆಗಳ ಎಂಜಿನಿಯರ್. ಸಾವಿರ ಡಿಗ್ರಿ ಶಾಖದ ಎದುರು ಹಗಲೆಲ್ಲ ನಿಂತು ಬೇಯುವ ಈ ಇಬ್ಬರು ಗಂಡಸರು ಚಹಾ ಕುಡಿಯುತ್ತ ಮಾತಾಡುವುದು ಮಾತ್ರ ಹಿಮದ ಬಗ್ಗೆ! ಮೊದಮೊದಲು ಶುಕ್ರವಾರಗಳಂದು ನಾಲ್ಕು ತಾಸು ಗಾಡಿ ಓಡಿಸಿಕೊಂಡು ವಹೀಬಾ ಮರಳುಗಾಡಿಗೆ ಹೋಗಿ, ಹಲಗೆಯ ತಳಕ್ಕೆ ಮೇಣ ಉಜ್ಜಿ, ದಿಬ್ಬಗಳ ಮೇಲಿಂದ ಜಾರಿದರು. ಬಸವಪ್ರಭು ಕಿವಿ, ಜೇಬು, ಬನಿಯನ್ನುಗಳಲ್ಲೆಲ್ಲ ಮರಳು ತುಂಬಿಕೊಂಡು ಮನೆಗೆ ಬರುತ್ತಿದ್ದ. ವಾಷಿಂಗ್ ಮಷೀನು ಎರಡು ಸಲ ಕೆಟ್ಟಿತು. ಆಮೇಲೆ ಅವನಿಗೆ ಮರಳು ಸಾಲದಾಯಿತು.

ಇದು ಅವರ ಮೂರನೆಯ ಚಳಿಗಾಲ. ಜಾರ್ಜಿಯಾ ದೇಶದ ಕಾಕಸಸ್ ಬೆಟ್ಟಗಳಿಗೆ ಪೀಟರ್, ಅವನ ಹೆಂಡತಿ ಉರ್ಸುಲಾ ಮತ್ತು ಬಸವಪ್ರಭು ಒಂದು ವಾರದ ರಜೆ ಹಾಕಿ ಹೋಗಿದ್ದರು. ಲಿಫ್ಟು ಹತ್ತಿ, ಎಲ್ಲರೂ ಜಾರುವ ಜಾಗದಲ್ಲೇ ಜಾರಿ, ಹೋಟೆಲಿಗೆ ಬಂದು ಸೂಪು ಕುಡಿದಿದ್ದರೆ ಪ್ರತಿಮಾಳಿಗೇನೂ ತಕರಾರಿರಲಿಲ್ಲ. ಆದರೆ ಇವರಿಗೆ ಬೇಕಾದದ್ದು ಯಾರೂ ತುಳಿಯದ ಹಿಮ. ಲಿಫ್ಟಿನ ಕೊನೆಯಿಂದ ಇನ್ನೂ ಒಂದೂವರೆ ತಾಸು ಹಲಗೆ ಹೊತ್ತು ಏರಿ, ಬೆಟ್ಟದ ಏಣನ್ನು, ಅಂದರೆ ನೆತ್ತಿಯ ಅಂಚನ್ನು, ದಾಟಿ ಆಚೆ ಬದಿಗೆ ಇಳಿಯಬೇಕು. ಅಲ್ಲಿ ಜರಡಿ ಹಿಡಿದ ಮೈದಾ ಹಿಟ್ಟಿನಂಥ ಹಿಮ ಮೊಣಕಾಲಿನವರೆಗೆ ಬಿದ್ದಿರುತ್ತದಂತೆ. ಅದರಲ್ಲಿ ಹಲಗೆ ಇಟ್ಟರೆ ಸಪ್ಪಳವೇ ಇರುವುದಿಲ್ಲವಂತೆ. "ಒಮ್ಮೆ ನೋಡಬೇಕ ನೀ, ಪ್ರತಿಮಾ. ಗಾಳ್ಯಾಗ ಇದ್ದಂಗ ಇರ್ತದ," ಎಂದು ಅವನು ಹೇಳುವಾಗ ನಲವತ್ತೆರಡರ ಮನುಷ್ಯನ ಮುಖ ಪರೀಕ್ಷೆ ಪಾಸಾದ ಹುಡುಗನದಾಗುತ್ತಿತ್ತು. ಅದನ್ನು ನೋಡಿದ ಮೇಲೆ ಹೋಗಬೇಡ ಎನ್ನಲು ಅವಳಿಗೆ ಬಾಯಿ ಬರುತ್ತಿರಲಿಲ್ಲ.

ಪೀಟರನಿಗೆ ಹಿಮದ ಹುಚ್ಚಿದ್ದರೂ ತಲೆ ನೆಟ್ಟಗಿತ್ತು. ಲಿಫ್ಟಿಲ್ಲದ ಕಡೆ ಇಳಿಯುವ ದಿನ, ಬೆಟ್ಟದಿಂದ ದೂರವಿರುವ ಒಬ್ಬರು ಫೋನು ಹಿಡಿದು ಕೂತಿರಬೇಕು ಎಂಬುದು ಅವನ ನಿಯಮ. ಇಳಿಯುವ ಮುಂಚೆ ಏಣಿನ ಮೇಲಿಂದ ಒಂದು ಮೆಸೇಜು, ಇಳಿದು ಕೆಳಗಿನ ಹಳ್ಳಿ ಮುಟ್ಟಿದ ಮೇಲೆ ಇನ್ನೊಂದು. ನಡುವೆ ಕಣಿವೆಯಲ್ಲಿ ಸಿಗ್ನಲ್ ಇಲ್ಲ. ಎರಡನೆಯ ಮೆಸೇಜು ಮಧ್ಯಾಹ್ನ ಮೂರು ಗಂಟೆಗೆ ಬಂದಿರದಿದ್ದರೆ ಆ ಒಬ್ಬರು ರಕ್ಷಣಾ ತಂಡಕ್ಕೆ ಫೋನು ಮಾಡಬೇಕು. ಮೂರು ಅಂದರೆ ಮೂರು, ಇನ್ನೈದು ನಿಮಿಷ ನೋಡೋಣ ಎನ್ನುವಂತಿಲ್ಲ. ಈ ಕೆಲಸಕ್ಕೆ ಪೀಟರ್ ಸ್ವಂತ ಹೆಂಡತಿಯನ್ನು ಬಿಟ್ಟು ಪ್ರತಿಮಾಳನ್ನು ಆರಿಸಿದ್ದ. ಉರ್ಸುಲಾ ದಿನವಿಡೀ ಲಿಫ್ಟಿನ ಇಳಿಜಾರುಗಳಲ್ಲಿ ಜಾರುತ್ತಿರುತ್ತಾಳೆ, ಫೋನು ಎಲ್ಲೋ ಇರುತ್ತದೆ. ಪ್ರತಿಮಾ ಹಾಗಲ್ಲ.

ಅವನು ಆರಿಸಿದ್ದಕ್ಕೆ ಕಾರಣವೂ ಇತ್ತು. ಪ್ರತಿಮಾ ಅದೇ ಕಾರ್ಖಾನೆಯ ಪರ್ಮಿಟ್ ಆಫೀಸಿನಲ್ಲಿದ್ದಳು. ಕೆಲಸಗಾರನೊಬ್ಬ ಟ್ಯಾಂಕಿನೊಳಕ್ಕೆ ಇಳಿಯುವಾಗ ಅವನ ಬಿಲ್ಲೆಯನ್ನು 'ಒಳಗೆ' ಎಂಬ ಮೊಳೆಗೆ ತೂಗುಹಾಕಬೇಕು, ಬಂದಾಗ 'ಹೊರಗೆ' ಎಂಬ ಮೊಳೆಗೆ. ಹೊತ್ತು ಮೀರಿದರೆ ಸೈರನ್. ಏಳು ವರ್ಷಗಳಲ್ಲಿ ಅವಳು ಒಂದು ನಿಮಿಷ ಆಚೀಚೆ ಮಾಡಿದವಳಲ್ಲ. ಒಮ್ಮೆ ಟ್ಯಾಂಕಿನ ಬಾಯಲ್ಲಿ ಕೂತು ಹರಟೆ ಹೊಡೆಯುತ್ತಿದ್ದ ಫೋರ್‌ಮನ್ ಮಮ್ಮದನಿಗಾಗಿ ಸೈರನ್ ಬಾರಿಸಿ ಇಡೀ ಪ್ಲಾಂಟು ಖಾಲಿ ಮಾಡಿಸಿದ್ದಳು. "ಮೇಡಮ್, ನಾನು ಇಲ್ಲೇ ಇದ್ದೇನಲ್ಲ ಮಾರಾಯ್ರೆ!" ಎಂದು ಅವನು ಗೋಗರೆದರೆ, "ನೀ ಇಲ್ಲಿದ್ದರೂ ನಿನ್ನ ಬಿಲ್ಲೆ ಒಳಗೈತಲ್ಲ," ಎಂದಿದ್ದಳು.

ಆ ಶುಕ್ರವಾರ ಬೆಳಿಗ್ಗೆಯೂ ಅವಳು ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದಳು. ಎಡಕ್ಕೆ 'ಒಳಗೆ', ಬಲಕ್ಕೆ 'ಹೊರಗೆ'. ಜಾರ್ಜಿಯಾದ ಗಡಿಯಾರವೂ ಒಮಾನಿನ ಗಡಿಯಾರವೂ ಒಂದೇ ಹೊತ್ತು ತೋರಿಸುವುದರಿಂದ ಲೆಕ್ಕ ತಪ್ಪುವ ಭಯವೂ ಇರಲಿಲ್ಲ.

ಹನ್ನೊಂದೂ ಹತ್ತಕ್ಕೆ ಫೋನು ಟಿಂಗ್ ಎಂದಿತು. "ಮ್ಯಾಲ ಮುಟ್ಟಿದ್ವಿ" ಎಂಬ ಎರಡು ಮಾತು, ಜೊತೆಗೊಂದು ಫೋಟೊ. ಕಿತ್ತಳೆ ಜಾಕೆಟ್ಟಿನ ಬಸವಪ್ರಭು, ನೀಲಿ ಜಾಕೆಟ್ಟಿನ ಪೀಟರ್, ಹಿಂದೆ ಬರೀ ಬಿಳುಪು. ಗಂಡ ಹಲ್ಲು ಕಿರಿದಿದ್ದ. ಪ್ರತಿಮಾ 'ಒಳಗೆ' ಎಂಬಲ್ಲಿ ೧೧.೧೦ ಎಂದು ಬರೆದಳು. ಅಡಿಗೆಮನೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಒರೆಸತೊಡಗಿದಳು. ಕೈಗೆ ಕೆಲಸ ಬೇಕಿತ್ತು.

ಹನ್ನೆರಡೂ ಐವತ್ತಕ್ಕೆ ಎರಡನೆಯ ಮೆಸೇಜು ಬಂತು. ಒಂದೇ ಒಂದು ಶಬ್ದ: "ಬರ್ತೀನಿ."

ಅಬ್ಬಾ! ಪ್ರತಿಮಾ ಕೈಯಲ್ಲಿದ್ದ ಜೀರಿಗೆ ಡಬ್ಬಿಯನ್ನು ಎದೆಗೊತ್ತಿಕೊಂಡು ಕುರ್ಚಿಯ ಮೇಲೆ ಕುಸಿದಳು. ಇಳಿದಾಯಿತು, ಹಳ್ಳಿ ಮುಟ್ಟಿದರು, ಇನ್ನು ಗಾಡಿ ಹಿಡಿದು ಹೋಟೆಲಿಗೆ ಬರುತ್ತಾರೆ. 'ಹೊರಗೆ' ಎಂಬಲ್ಲಿ ೧೨.೫೦ ಎಂದು ಬರೆದು, ಕೆಳಗೆ ದಪ್ಪಗೆ ಗೆರೆ ಎಳೆದಳು. "ಮದ್ಲ ಊಟ ಮಾಡ್ರಿ" ಎಂದು ಉತ್ತರ ಕಳಿಸಿದಳು. ಅದಕ್ಕೆ ಒಂದೇ ಟಿಕ್ ಬಿತ್ತು. ಚಳಿಗೆ ಫೋನಿನ ಬ್ಯಾಟರಿ ಸಾಯುತ್ತದೆ ಎಂದು ಅವನೇ ಹೇಳಿದ್ದನಲ್ಲ, ಸತ್ತಿರಬೇಕು. ಎರಡು ಮೆಸೇಜು ಬರಬೇಕಿತ್ತು, ಎರಡು ಬಂದಿವೆ. ಇನ್ನೇನು ಬೇಕು?

ಎರಡೂಕಾಲಿಗೆ ಉರ್ಸುಲಾ ಫೋನು ಮಾಡಿದಳು. ಅವಳು ಊಟಕ್ಕೆಂದು ಹೋಟೆಲಿಗೆ ಬಂದಿದ್ದಳು. ಬೆಟ್ಟದ ಮೇಲೆ ಮಧ್ಯಾಹ್ನದವರೆಗೂ ಮೋಡ ಕವಿದಿತ್ತು, ಈಗ ಗಾಳಿಯೂ ಎದ್ದಿದೆ, ಅವರಿಂದ ಸುದ್ದಿ ಬಂತೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಬಂತು ಬಂತು," ಎಂದಳು ಪ್ರತಿಮಾ ನಗುತ್ತ. "ಹನ್ನೆರಡೂ ಐವತ್ತಕ್ಕೇ ಬಂತು. ವಾಪಸು ಬರ್ತಾ ಇದ್ದಾರೆ."

"ಓ, ಒಳ್ಳೆಯದು," ಎಂದು ಉರ್ಸುಲಾ ಉಸಿರುಬಿಟ್ಟಳು. "ಇನ್ನೂ ಬಂದಿಲ್ಲ. ಹಳ್ಳಿಯಲ್ಲಿ ಬಿಯರ್ ಕುಡಿಯುತ್ತ ಕೂತಿರಬೇಕು, ಕಳ್ಳರು."

ಇಬ್ಬರೂ ನಕ್ಕು ಫೋನಿಟ್ಟರು. ಮೂರು ಗಂಟೆ ಆಯಿತು. ಸೊಹಾರಿನ ಆ ಫ್ಲ್ಯಾಟಿನಲ್ಲಿ ಪ್ರತಿಮಾ ಒಗೆದ ಬಟ್ಟೆ ಮಡಚುತ್ತಿದ್ದಳು. ಗಡಿಯಾರದ ಕಡೆ ಒಂದು ಸಲ ನೋಡಿದಳು, ಮುಂದಿನ ಅಂಗಿ ಎತ್ತಿಕೊಂಡಳು. ಏಳು ವರ್ಷ ಒಂದು ನಿಮಿಷ ತಪ್ಪದವಳು ತಪ್ಪಿದ್ದು ಹೀಗೆ, ಅಂಗಿಯ ತೋಳು ಸರಿಪಡಿಸುತ್ತ.

ಮೂರೂ ಇಪ್ಪತ್ತಕ್ಕೆ ಕೆಳಗಿನ ಮನೆಯ ಲೋಲಾಕ್ಷಿ ಒಂದು ಸ್ಟೀಲ್ ಡಬ್ಬಿ ತುಂಬ ಗೋಳಿಬಜೆ ಹಿಡಿದು ಬಂದಳು. ಲೋಲಾಕ್ಷಿ ಮೂಡುಬಿದಿರೆಯ ಕಡೆಯವಳು. ಗಂಡ ದೇಜಪ್ಪ ಸುವೈಕಿನಲ್ಲಿ ಟೈಲ್ಸ್ ವ್ಯಾಪಾರ ಮಾಡುತ್ತಾನೆ, ಶುಕ್ರವಾರವೂ ಅಂಗಡಿ ಬಿಟ್ಟು ಬರುವುದಿಲ್ಲ. ಹಾಗಾಗಿ ಲೋಲಾಕ್ಷಿಗೆ ಮಾತಾಡಲು ಪ್ರತಿಮಾಳೇ ಬೇಕು.

"ನಿಮ್ಮೋರು ಇನ್ನೂ ಐಸಿನಲ್ಲೇ ಇದ್ದಾರಾ? ಊರಿನವರಿಗೆ ಹೇಳಿದ್ರೆ ನಗ್ತಾರೆ ಮಾರಾಯ್ತಿ, ದುಡ್ಡು ಕೊಟ್ಟು ಜಾರಿ ಬೀಳ್ಲಿಕ್ಕೆ ಹೋಗುದಂತೆ!"

"ಬಂದ್ರಂತ, ಕೆಳಗ ಇಳದು ಮುಟ್ಟ್ಯಾರ. ನನ್ನ ಕಾಯೂ ಕೆಲಸ ಇವತ್ತಿನ ಮಟ್ಟಿಗೆ ಖಲಾಸ್," ಎಂದಳು ಪ್ರತಿಮಾ.

ಅರ್ಧ ತಾಸು ಹರಟಿದರು. ಲೋಲಾಕ್ಷಿಯ ಮಗಳು ಭವ್ಯಶ್ರೀ ಮನೆಯಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾಳೆ ಎಂಬ ದೂರು, ಹಮ್ರಿಯಾದ ಅಂಗಡಿಯಲ್ಲಿ ಸಿಕ್ಕ ಕೆಂಪು ಕುಚ್ಚಲಕ್ಕಿ, ಎದುರುಮನೆಯವರ ಹೊಸ ಕಾರು. ಕಡೆಗೆ ಖಾಲಿ ಡಬ್ಬಿ ಎತ್ತಿಕೊಂಡು ಲೋಲಾಕ್ಷಿ ಬಾಗಿಲಲ್ಲಿ ಚಪ್ಪಲಿ ಮೆಟ್ಟಿದಳು.

"ಹಾಗಾದ್ರೆ ನಾನು ಬರ್ತೇನೆ, ಪ್ರತಿಮಾ."

"ಹ್ಞಾಂ, ಬರ್ರಿ," ಎಂದಳು ಪ್ರತಿಮಾ. ಲೋಲಾಕ್ಷಿ ಮೆಟ್ಟಿಲಿಳಿದಳು. ಪ್ರತಿಮಾ ಬಾಗಿಲು ಮುಚ್ಚಿ ಚಿಲಕ ಹಾಕಿದಳು.

ಚಿಲಕದ ಮೇಲಿದ್ದ ಕೈ ಅಲ್ಲೇ ನಿಂತುಬಿಟ್ಟಿತು.

ಬರ್ತೇನೆ ಎಂದವಳು ಹೋದಳು! ಹೋಗುವಾಗಲೇ ಅಲ್ಲವೇ ಹಾಗೆನ್ನುವುದು? ಲೋಲಾಕ್ಷಿಯೊಬ್ಬಳೇ ಏನು, ಪ್ರತಿಮಾ ಆಫೀಸಿಗೆ ಹೊರಡುವಾಗ ಅನ್ನುವುದೂ ಅದೇ. ಅವಳ ಅತ್ತೆ ಹೊನ್ನವ್ವನ ಮನೆಯಲ್ಲಂತೂ ಹೊಸ್ತಿಲ ಮೇಲೆ ನಿಂತು 'ಹೋಗ್ತೀನಿ' ಎಂದವರಿಗೆ ಬೈಗುಳ ಬೀಳುತ್ತಿತ್ತು. 'ಹೋಗ್ತೀನಿ ಅನಬ್ಯಾಡೋ, ಬರ್ತೀನಿ ಅನ್ನು' ಎಂದು ಮಗನನ್ನು ಒಳಗೆ ಕರೆದು, ಕೂರಿಸಿ, ನೀರು ಕುಡಿಸಿ ಮತ್ತೆ ಕಳಿಸುತ್ತಿದ್ದಳು ಮುದುಕಿ. ಬಸವಪ್ರಭು ಹೊರಡುವಾಗ ಬೇರೆ ಶಬ್ದ ಬಳಸಿದ್ದನ್ನು ಪ್ರತಿಮಾ ಮದುವೆಯಾದಂದಿನಿಂದ ಕೇಳಿರಲಿಲ್ಲ.

ಮ್ಯಾಲ ಮುಟ್ಟಿದ್ವಿ ಅಂದದ್ದು ಇಳಿಯುವ ಮೆಸೇಜಲ್ಲ, ಬರೀ ಸಂತೋಷಕ್ಕೆ ಕಳಿಸಿದ್ದು. ಮಧ್ಯಾಹ್ನದವರೆಗೂ ಮೋಡ ಇತ್ತೆಂದು ಉರ್ಸುಲಾ ಹೇಳಿದ್ದಳು. ಮೋಡ ಸರಿಯಲೆಂದು ಮೇಲೆಯೇ ಕಾದಿದ್ದಾರೆ. ಸರಿದ ಮೇಲೆ, ಹನ್ನೆರಡೂ ಐವತ್ತಕ್ಕೆ, ಹಲಗೆಗೆ ಕಾಲು ಕಟ್ಟಿಕೊಂಡು, ಹೊಸ್ತಿಲು ದಾಟುವವನ ಹಾಗೆ ಅಂದಿದ್ದಾನೆ. ಎರಡನೆಯ ಮೆಸೇಜು ಬಂದೇ ಇಲ್ಲ!

"ಯಪ್ಪಾ ಶಿವನೇ," ಎಂದಳು ಪ್ರತಿಮಾ. ಫ್ರಿಜ್ಜಿನ ಮೇಲಿನ ಹಾಳೆಯಲ್ಲಿ ಅವಳದೇ ಅಕ್ಷರ, ಅವಳೇ ಎಳೆದ ದಪ್ಪ ಗೆರೆ. ಗಡಿಯಾರ ನಾಲ್ಕಕ್ಕೆ ಐದು ನಿಮಿಷ ಕಡಿಮೆ ತೋರಿಸುತ್ತಿತ್ತು. ಫೋನಿನಲ್ಲಿ ಅದೇ ಒಂದು ಟಿಕ್. ಗಂಡನ ನಂಬರಿಗೆ ಹಚ್ಚಿದಳು, ಹೋಗಲಿಲ್ಲ. ಪೀಟರನದೂ ಹೋಗಲಿಲ್ಲ. ಪೀಟರ್ ಕೊಟ್ಟಿದ್ದ ರಕ್ಷಣಾ ತಂಡದ ನಂಬರು ಒತ್ತಿದಳು.

ತಂಡದ ರೇಡಿಯೊ ನೋಡಿಕೊಳ್ಳುತ್ತಿದ್ದವಳು ಕ್ಯಾರೋಲಿನ್ ಎಂಬ ಹೆಂಗಸು. ಪ್ರತಿಮಾ ಹೆಸರುಗಳನ್ನು ಹೇಳಿದಳು, ಇಳಿಯುವ ಜಾಗ ಹೇಳಿದಳು, ಉರ್ಸುಲಾಳ ನಂಬರನ್ನೂ ಕೊಟ್ಟಳು. ಕ್ಯಾರೋಲಿನ್ ಉರ್ಸುಲಾಳನ್ನೂ ಅದೇ ಲೈನಿಗೆ ಸೇರಿಸಿಕೊಂಡಳು.

"ಆದರೆ ಅವರು ಹೊರಗೆ ಬಂದರೆಂದು ನೀನೇ ಹೇಳಿದೆಯಲ್ಲ," ಎಂದಳು ಉರ್ಸುಲಾ.

"ನಾನು ತಪ್ಪು ಓದಿದೆ. ಬರ್ತೀನಿ ಅಂತ ಬರೆದಿದ್ದ. ನಮ್ಮ ಭಾಷೆಯಲ್ಲಿ ಹೋಗುವಾಗ ಬರ್ತೀನಿ ಅಂತೀವಿ."

"ಹೋಗುವಾಗ ಬರುತ್ತೇನೆ ಅಂತೀರಾ? ಯಾಕೆ?"

ಪ್ರತಿಮಾಳಿಗೆ ಉತ್ತರ ಗೊತ್ತಿತ್ತು. ಹೋಗ್ತೀನಿ ಎಂದರೆ ತಿರುಗಿ ಬರುವುದಿಲ್ಲ ಎಂದಂತಾಗುತ್ತದೆ, ಅದಕ್ಕೆ. ಈ ಹೊತ್ತಿನಲ್ಲಿ ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ?

ಕ್ಯಾರೋಲಿನ್ ನಡುವೆ ಬಂದಳು. "ಕೇಳಿ. ಎರಡು ಗಂಟೆಗೆ ಹಳ್ಳಿಯ ರಸ್ತೆಯ ಮೇಲೆ ದೊಡ್ಡ ಹಿಮಕುಸಿತ ಆಗಿದೆ. ಎರಡು ಗಾಡಿಗಳು ಹಿಮದಡಿ ಸಿಕ್ಕಿವೆ. ನನ್ನ ಜನರೆಲ್ಲ ಅಲ್ಲಿ ಅಗೆಯುತ್ತಿದ್ದಾರೆ. ಹೆಲಿಕಾಪ್ಟರ್ ಒಂದೇ ಇದೆ, ಅದೂ ಅಲ್ಲಿಗೇ ಹೊರಟಿದೆ. ಮೋಡ ಮತ್ತೆ ಇಳಿಯುತ್ತಿದೆ, ಒಂದು ಸಲ ಹಾರಬಹುದು, ಎರಡನೆಯ ಸಲ ಆಗುವುದಿಲ್ಲ. ನಿಮ್ಮವರು ಹನ್ನೆರಡೂ ಐವತ್ತಕ್ಕೆ ಹಳ್ಳಿಯಲ್ಲಿದ್ದರೆ ಈಗ ಆ ರಸ್ತೆಯ ಹಿಮದ ಕೆಳಗಿರಬಹುದು. ಏಣಿನ ಮೇಲಿದ್ದರೆ ಆಚೆ ಕಣಿವೆಯಲ್ಲಿದ್ದಾರೆ. ನಾನು ಯಾವ ಕಡೆ ಕಳಿಸಲಿ? ಹನ್ನೆರಡೂ ಐವತ್ತಕ್ಕೆ ಅವರು ಒಳಗೋ, ಹೊರಗೋ?"

ಏಳು ವರ್ಷ ಅವಳು ಬೇರೆಯವರನ್ನು ಕೇಳಿದ ಪ್ರಶ್ನೆ. ಒಳಗೋ, ಹೊರಗೋ? ಆ ದಿನ ಒಮ್ಮೆ ಅವಳು ಉತ್ತರ ಬರೆದಾಗಿತ್ತು, ತಪ್ಪು ಬರೆದಿದ್ದಳು. ಈಗಲೂ ತಪ್ಪಿದರೆ? ಬಾಗಿಲಲ್ಲಿ ಲೋಲಾಕ್ಷಿ ಅಂದದ್ದು ಲೋಲಾಕ್ಷಿಯ ಮಾತು. ಗಂಡ ಬರೆದದ್ದು ನಿಜಕ್ಕೂ ಯಾವ ಅರ್ಥದ್ದು ಎಂದು ಸೊಹಾರಿನ ಅಡಿಗೆಮನೆಯಲ್ಲಿ ನಿಂತು ಹೇಗೆ ಹೇಳುವುದು?

ಅವನು ವಾಪಸು ಬರುವಾಗ ಏನನ್ನುತ್ತಾನೆ? ಅದನ್ನು ನೆನೆ, ಅದನ್ನು ನೆನೆ, ಎಂದು ತನಗೇ ಹೇಳಿಕೊಂಡಳು. ಮಸ್ಕತ್ತಿನಿಂದ ಬರುವಾಗ ಸುವೈಕಿನ ಪೆಟ್ರೋಲ್ ಬಂಕಿನಿಂದ ಫೋನು ಮಾಡುತ್ತಾನೆ. ಎಲ್ಲಿದ್ದೀರಿ ಎಂದರೆ, "ಬಂದೆ ಬಂದೆ!" ಇನ್ನೂ ಒಂದು ತಾಸಿನ ದಾರಿ ಇರುತ್ತದೆ, ಮಹಾರಾಯ ಆಗಲೇ ಬಂದೆ ಅನ್ನುತ್ತಾನೆ. ಅನ್ನಕ್ಕಿಟ್ಟು ಕಾದು ಕಾದು ಎಷ್ಟು ಸಲ ಜಗಳವಾಡಿಲ್ಲ! ಮನೆಯ ಕಡೆ ಮುಖ ಮಾಡಿದ ಮೇಲೆ ಅವನು ಬರ್ತೀನಿ ಅಂದದ್ದೇ ಇಲ್ಲ. ಬಂದೆ.

"ಒಳಗೆ," ಎಂದಳು ಪ್ರತಿಮಾ. "ಹನ್ನೆರಡೂ ಐವತ್ತಕ್ಕೆ ಒಳಗೆ ಹೋದರು. ಕಣಿವೆಗೆ ಕಳಿಸಿ."

"ಖಚಿತವೇ?"

"ಖಚಿತ."

"ಪ್ರತಿಮಾ," ಎಂದಳು ಉರ್ಸುಲಾ, "ನನ್ನ ಪೀಟರ್ ಕೂಡ ಅಲ್ಲಿದ್ದಾನೆ."

"ಗೊತ್ತು. ಕಣಿವೆಗೆ ಕಳಿಸಿ," ಎಂದಳು.

ಫೋನಿಟ್ಟ ಮೇಲೆ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಜೋರಾಗಿ ಏನೋ ಕೂಗಿರಬೇಕು, ಲೋಲಾಕ್ಷಿ ಬರಿಗಾಲಲ್ಲಿ ಓಡಿ ಮೇಲೆ ಬಂದಳು. ವಿಷಯ ಕೇಳಿ, "ಅಯ್ಯೋ ದೇವರೇ, ದಾನೆ ಆಂಡ್, ಎಂಥ ಆಯ್ತು ಇದು," ಎಂದು ತುಳುವೂ ಕನ್ನಡವೂ ಬೆರೆಸಿ ಬಡಬಡಿಸಿದಳು, ಆಮೇಲೆ ಪಕ್ಕದಲ್ಲಿ ಕೂತು ಪ್ರತಿಮಾಳ ಕೈ ಹಿಡಿದಳು. ಕಿಟಕಿಯ ಹೊರಗೆ ಕಂಪನಿಯ ಬಸ್ಸು ಸೆಕೆಂಡ್ ಶಿಫ್ಟಿನ ಜನರನ್ನು ಹತ್ತಿಸಿಕೊಂಡು ಹೋಯಿತು. ನಾಲ್ಕೂಕಾಲು. ನಾಲ್ಕೂವರೆ. ರಸ್ತೆಯ ಹಿಮದ ಕೆಳಗಿನ ಗಾಡಿಗಳಲ್ಲಿ ಒಂದರೊಳಗೆ ಕಿತ್ತಳೆ ಜಾಕೆಟ್ಟು ಇದ್ದರೆ? ತಾನೇ ಬಾಯಾರೆ ಹೆಲಿಕಾಪ್ಟರನ್ನು ಆಚೆ ಕಳಿಸಿದ್ದಾಳಲ್ಲ.

ಐದಕ್ಕೆ ಎಂಟು ನಿಮಿಷ ಇರುವಾಗ ಉರ್ಸುಲಾಳ ಫೋನು ಬಂತು. ಅವಳು ರೇಡಿಯೊ ಕೋಣೆಯಲ್ಲೇ ನಿಂತಿದ್ದಳು.

"ಕಣಿವೆಯಲ್ಲಿದ್ದಾರೆ. ನೀನು ಹೇಳಿದ್ದು ಸರಿ. ಇಳಿಜಾರು ಒಡೆದು ಕೆಳಗಿನ ಕೊರಕಲಿಗೆ ಬಿದ್ದಿದೆ. ಒಬ್ಬ ನಿಂತು ಕೈ ಬೀಸುತ್ತಿದ್ದಾನಂತೆ."

"ಒಬ್ಬ?"

"ಒಬ್ಬ. ಇನ್ನೊಬ್ಬ ಮಲಗಿದ್ದಾನೆ."

ಯಾರು ಎಂದು ಇಬ್ಬರೂ ಕೇಳಲಿಲ್ಲ. ಹಿಂದೆ ರೇಡಿಯೊ ಗರಗರ ಎನ್ನುತ್ತಿತ್ತು. ನನ್ನವನಾಗಿರಲಿ, ನಿಂತವನು ನನ್ನವನಾಗಿರಲಿ, ಎಂದು ಪ್ರತಿಮಾ ಬೇಡಿಕೊಂಡಳು. ಹಾಗೆ ಬೇಡಿಕೊಂಡರೆ ಇನ್ನೇನು ಬೇಡಿಕೊಂಡಂತಾಯಿತು ಎಂಬುದು ಅವಳಿಗೆ ತಿಳಿದಿತ್ತು. ತಿಳಿದೇ ಬೇಡಿಕೊಂಡಳು. ಅತ್ತ ಕಡೆಯವಳೂ ಅದನ್ನೇ ಬೇಡುತ್ತಿದ್ದಾಳೆ ಎಂಬುದೂ ತಿಳಿದಿತ್ತು.

"ಕಿತ್ತಳೆ," ಎಂದಳು ಉರ್ಸುಲಾ. ಅಷ್ಟೇ ಅಂದು ಫೋನು ಕೆಳಗಿಟ್ಟಳು.

ಪ್ರತಿಮಾ ಅತ್ತಳು. ಸಂತೋಷಕ್ಕೆ ಅತ್ತಳು, ಆ ಸಂತೋಷದ ನಾಚಿಕೆಗೆ ಅತ್ತಳು. ಲೋಲಾಕ್ಷಿ ಅವಳ ತಲೆಯನ್ನು ಎದೆಗೆ ಆನಿಸಿಕೊಂಡು ಬೆನ್ನು ತಟ್ಟುತ್ತಲೇ ಇದ್ದಳು.

ಆರು ಗಂಟೆಯ ಹೊತ್ತಿಗೆ ಗೊತ್ತಿಲ್ಲದ ನಂಬರಿನಿಂದ ಬಸವಪ್ರಭು ಮಾತಾಡಿದ. ಆಸ್ಪತ್ರೆಯಲ್ಲಿದ್ದ. ಚಳಿಗೆ ನಾಲಿಗೆ ತೊದಲುತ್ತಿತ್ತು.

"ಪ್ರತಿಮಾ, ನಾ ಆರಾಮ ಅದೀನಿ. ಪೀಟರ್ ಹೋದ."

"ಹ್ಞೂಂ ರೀ," ಎಂದಳು.

"ಮದ್ಲ ನಾ ಇಳದೆ. ಹಿಂದ ಅವ ಬಂದ. ಅವನ ಕಾಲ ಕೆಳಗಽ ಹಿಮ ಒಡೀತು. ತೊಡಿ ಮುರದು ರಕ್ತ ಹೋಗಾಕತ್ತಿತ್ತು, ಬೆಲ್ಟ್ ತಗದು ಕಟ್ಟಿ, ಅವನ ತಲಿ ನನ್ನ ತೊಡಿ ಮ್ಯಾಲ ಇಟ್ಕೊಂಡೆ. ನನ್ನ ಫೋನ್ ಎಲ್ಲೋ ಹೋಗಿತ್ತು, ಅವಂದು ಒಡದಿತ್ತು. ಆದ್ರ ನಂಗ ಅಂಜಿಕಿ ಇರಲಿಲ್ಲ, ಪ್ರತಿಮಾ. ಅವಗೂ ಹೇಳಿದೆ. ನನ್ನ ಹೇಂತಿ ಮೂರಕ್ಕ ಫೋನ್ ಮಾಡ್ತಾಳ, ಮೂರಂದ್ರ ಮೂರು, ನಿನಗಽ ಗೊತ್ತೈತಲ್ಲ ಅಂದೆ. ಅವನೂ ನಕ್ಕ. ಮಮ್ಮದನ ಸೈರನ್ ನೆನಪ ಮಾಡಿ ನಕ್ಕ. ಕೈಗಡಿಯಾರದಾಗ ಮೂರಾದ ಮ್ಯಾಲ ಇಬ್ಬರೂ ಆಕಾಶ ನೋಡ್ಕೋಂತ ಕುಂತ್ವಿ. ಈಗ ಫೋನ್ ಮಾಡಿದ್ಲು, ಈಗ ಹೆಲಿಕಾಪ್ಟರ್ ಹೊಂಟಿತು ಅಂತ ನಾ ಹೇಳ್ಕೋಂತ ಹೋದೆ. ನಾಲ್ಕೂಕಾಲ ತನಕ ಮಾತಾಡಿದ. ಆಮ್ಯಾಲ ಮಾತಾಡಲಿಲ್ಲ."

ಪ್ರತಿಮಾ ಲೆಕ್ಕ ಹಾಕಿದಳು. ಹಾಕಬಾರದೆಂದರೂ ತಲೆ ಹಾಕಿತು. ನಾಲ್ಕಕ್ಕೆ ಐದು ಕಡಿಮೆ ಇರುವಾಗ ಫೋನು, ಐದಕ್ಕೆ ಎಂಟು ಕಡಿಮೆ ಇರುವಾಗ ಹೆಲಿಕಾಪ್ಟರು. ಮೂರಕ್ಕೆ ಮಾಡಿದ್ದರೆ ನಾಲ್ಕಕ್ಕೆ ಮುಂಚೆ ಅದು ಅವರ ತಲೆಯ ಮೇಲಿರುತ್ತಿತ್ತು.

"ಹೆಲಿಕಾಪ್ಟರ್ ತಡಾ ಆತು ನೋಡು," ಎಂದ ಅವನು. "ಇಲ್ಲಿಯವ್ರು ಏನ್ ಮಾಡಾಕತ್ತಿದ್ರೋ. ನೀ ಅಂತೂ ಮೂರಕ್ಕಽ ಮಾಡಿದ್ದಿ, ಹೌದಿಲ್ಲೋ?"

ಲೋಲಾಕ್ಷಿ ಅವಳ ಮುಖವನ್ನೇ ನೋಡುತ್ತಿದ್ದಳು. ಹೌದು ಎಂದರೆ ಈ ಕ್ಷಣಕ್ಕೆ ಮುಗಿಯುತ್ತಿತ್ತು. ಇಲ್ಲ ಎಂದರೆ ಯಾಕೆಂದು ಕೇಳುತ್ತಾನೆ, ಯಾಕೆಂಬುದಕ್ಕೆ ಉತ್ತರ ಅವನೇ ಬರೆದು ಕಳಿಸಿದ ಒಂದು ಶಬ್ದ. ಅದನ್ನು ಹೇಳಿಬಿಟ್ಟರೆ ಅರ್ಧ ಭಾರ ಅವನ ಕಡೆ ಹೋಗುತ್ತದೆ. ಹೇಳಬೇಕೆಂದು ನಾಲಿಗೆಯ ತುದಿಗೆ ಬಂತು ಕೂಡ. ಗೆಳೆಯನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಕಾಶ ನೋಡುತ್ತ ಕೂತಿದ್ದವನು ಅವನು. ಇಂದಲ್ಲ ನಾಳೆ ಅವನಿಗೆ ತಿಳಿಯುತ್ತದೆ, ಉರ್ಸುಲಾಳಿಗೆ ಗೊತ್ತು. ಆದರೆ ಇವತ್ತು ತನ್ನ ಬಾಯಿಂದ ಬೇಡ.

"ಇಲ್ಲರೀ," ಎಂದಳು ಪ್ರತಿಮಾ. "ನಾಲ್ಕಕ್ಕ ಮಾಡಿದೆ. ತಪ್ಪು ನಂದು."